ಜೈಲಿನಿಂದ ಬಂದವರಿಗೆ ಕೆಲಸ ಕೊಡಬೇಕಾ? ಶಿಕ್ಷೆ ಇರುವುದಾದರೂ ಯಾತಕ್ಕೆ?

ತುಂಗಾತೀರ:
ನಮ್ಮೂರಿನ ಒಬ್ಬರು ಕೊಲೆ ಕೇಸಿನಲ್ಲಿ ಜೀವಾವಧಿ ಶಿಕ್ಷೆಗೆ ಹೋಗಿದ್ದರು. ಗದ್ದೆ ಬದುವಿನ ಜಗಳ. ಮಾತಿಗೆ ಮಾತು ಬೆಳೆದು ಕೈಯಲ್ಲಿದ್ದ ಕತ್ತಿ ಬೀಸಿದರು, ಎದುರಿದ್ದವರು ಅಲ್ಲೇ ಹೋದರು. ಈಗ ಸನ್ನಡತೆ ಆಧಾರದ ಮೇಲೆ ಬಿಡುಗಡೆಯಾಗಿದೆ. ಒಳಗೆ ಮರಗೆಲಸ ಕಲಿತಿದ್ದಾರೆ. ನಮ್ಮ ಸಹಕಾರ ಸಂಘದ ಗೋದಾಮಿನಲ್ಲಿ ಏನಾದರೂ ಕೆಲಸ ಕೊಡಿ ಅಂತ ಅರ್ಜಿ ಹಾಕಿದ್ದಾರೆ.

ಸಂಘ ಎರಡು ಪಾಲಾಗಿದೆ. ಕೆಲವರು "ಕೋರ್ಟು ಕೊಟ್ಟ ಶಿಕ್ಷೆ ಅನುಭವಿಸಿ ಬಂದಿದ್ದಾರೆ, ಇನ್ನೇನು ಬೇಕು" ಅನ್ನುತ್ತಾರೆ. ಉಳಿದವರು "ಸತ್ತವರ ಮನೆಯವರೂ ಇದೇ ಸಂಘದ ಸದಸ್ಯರು, ಅವರು ಮುಖ ಎಲ್ಲಿಟ್ಟುಕೊಳ್ಳಬೇಕು" ಅನ್ನುತ್ತಾರೆ. ಎರಡೂ ನ್ಯಾಯ ಅನ್ನಿಸುತ್ತದೆ. ನಾನು ಕಮಿಟಿಯಲ್ಲಿದ್ದೇನೆ, ಹಾಗಾಗಿ ಕೈ ಎತ್ತಲೇಬೇಕು. ನೀವೆಲ್ಲ ಏನು ಹೇಳುತ್ತೀರಿ? ಜೈಲು ಇರುವುದು ಸೇಡಿಗಾ, ಹೆದರಿಸುವುದಕ್ಕಾ, ಮನುಷ್ಯ ಸರಿಯಾಗಲಿ ಅಂತನಾ?

ನೇರನುಡಿ:
ಒಂದು ಜೀವ ತೆಗೆದವನಿಗೆ 14 ವರ್ಷ ಊಟ ಹಾಕಿ, ಆಮೇಲೆ ಹಾರ ಹಾಕಿ ಕಳುಹಿಸುತ್ತಾರೆ. ಇದಕ್ಕೆ ಜೀವಾವಧಿ ಅಂತ ಹೆಸರು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಷ್ಟೇ. ಸತ್ತವನಿಗೆ ಸನ್ನಡತೆ ಮೇಲೆ ವಾಪಸ್ ಬರುವ ಅವಕಾಶ ಇದೆಯಾ?

ಕಪ್ಪುಕೋಟು:
ನೇರನುಡಿ ಅವರೇ, ಇಲ್ಲಿ ಒಂದು ತಿದ್ದುಪಡಿ ಬೇಕು. ಜೀವಾವಧಿ ಅಂದರೆ 14 ವರ್ಷ ಅನ್ನುವುದು ಸಿನಿಮಾದಿಂದ ಬಂದ ನಂಬಿಕೆ. ಜೀವಾವಧಿ ಅಂದರೆ ಉಸಿರಿರುವ ತನಕ ಅಂತ ಸುಪ್ರೀಂ ಕೋರ್ಟ್ 1961ರಲ್ಲೇ ಗೋಪಾಲ್ ಗೋಡ್ಸೆ ಕೇಸಿನಲ್ಲಿ ಹೇಳಿದೆ. 14 ವರ್ಷದ ಲೆಕ್ಕ ಬಂದದ್ದು 1978ರ ತಿದ್ದುಪಡಿಯಿಂದ. ಮರಣದಂಡನೆಗೂ ಅವಕಾಶವಿರುವ ಅಪರಾಧದಲ್ಲಿ ಜೀವಾವಧಿ ಆದವರನ್ನು 14 ವರ್ಷ ತುಂಬುವ ಮೊದಲು ಸರ್ಕಾರ ಬಿಡುವ ಹಾಗಿಲ್ಲ ಅಂತ. ಅಂದರೆ ಅದು ಕನಿಷ್ಠ ಮಿತಿ. 14 ತುಂಬಿತು ಅಂತ ಯಾರೂ ಹಕ್ಕಿನಿಂದ ಬಾಗಿಲು ತೆಗೆಸಿಕೊಂಡು ಬರುವ ಹಾಗಿಲ್ಲ. ಜೈಲಿನ ವರದಿ, ಪೊಲೀಸ್ ವರದಿ, ಸಮಿತಿ, ಸರ್ಕಾರದ ಒಪ್ಪಿಗೆ ಎಲ್ಲ ಆಗಬೇಕು.

ನಮ್ಮ ಬೆಂಗಳೂರಿನದ್ದೇ ಕೇಸು ನೋಡಿ. ಸ್ವಾಮಿ ಶ್ರದ್ಧಾನಂದ. ಹೆಂಡತಿಯನ್ನು ಕೊಂದು ಮನೆಯ ಅಂಗಳದಲ್ಲೇ ಹೂತಿದ್ದ. 2008ರಲ್ಲಿ ಸುಪ್ರೀಂ ಕೋರ್ಟ್ ಗಲ್ಲು ತಪ್ಪಿಸಿತು, ಆದರೆ ಬದುಕಿರುವ ತನಕ ಬಿಡುಗಡೆ ಇಲ್ಲ ಅಂತ ಬರೆಯಿತು. ಈಗ ಸುಪ್ರೀಂ ಕೋರ್ಟ್, ಹೈಕೋರ್ಟುಗಳು ಆ ದಾರಿ ಬಳಸುತ್ತಿವೆ. ಎಲ್ಲರಿಗೂ ಹಾರ ಹಾಕಿ ಕಳುಹಿಸುತ್ತಾರೆ ಅನ್ನುವುದು ನಿಜವಲ್ಲ.

ಬನಶಂಕರಿ2ನೇಹಂತ:
ಕಾನೂನು ಹಾಗಿರಬಹುದು ಸರ್, ಒಳಗೆ ನಡೆಯುವುದೇ ಬೇರೆ. 2024ರಲ್ಲಿ ಪರಪ್ಪನ ಅಗ್ರಹಾರದ ಫೋಟೊ ಬಂದಿತ್ತಲ್ಲ, ಹುಲ್ಲುಹಾಸಿನ ಮೇಲೆ ಕುರ್ಚಿ ಹಾಕಿಕೊಂಡು ಸಿಗರೇಟು, ಕಾಫಿ. ದುಡ್ಡಿದ್ದವರಿಗೆ ಅದು ಲಾಡ್ಜು.

ಹಳೇ ಮೇಷ್ಟ್ರು:
ದುಡ್ಡಿದ್ದವರ ವಿಷಯ ಪಕ್ಕಕ್ಕಿಡಿ, ಅವರು ಬೆರಳೆಣಿಕೆ ಜನ. ನಾನು ಕೆಲವು ವರ್ಷ ಜೈಲಿನಲ್ಲಿ ಅಕ್ಷರ ಕಲಿಸಲು ಹೋಗುತ್ತಿದ್ದೆ. ಯಾವ ಜೈಲು ಅಂತ ಹೇಳುವುದಿಲ್ಲ. ಸಂಜೆ ಬೆಳಕಿರುವಾಗಲೇ ಊಟ ಕೊಟ್ಟು, ತಲೆ ಎಣಿಸಿ ಬ್ಯಾರಕ್‌ಗೆ ಬೀಗ ಹಾಕುತ್ತಾರೆ. ಬೆಳಿಗ್ಗೆ ತನಕ ಅಲ್ಲೇ. ಮಲಗಿದರೆ ಪಕ್ಕದವನ ಮೊಣಕೈ ತಾಗುತ್ತದೆ. ಮೂಲೆಯಲ್ಲೊಂದು ಪಾಯಿಖಾನೆ. ರಾತ್ರಿಯಿಡೀ ಲೈಟು ಉರಿಯುತ್ತದೆ. ಅದು ಲಾಡ್ಜಲ್ಲ.

ತುಂಗಾತೀರ ಕೇಳಿದ ಪ್ರಶ್ನೆಗೆ ಬರುತ್ತೇನೆ. ಸೇಡು, ಹೆದರಿಕೆ, ಕೂಡಿಹಾಕುವುದು, ತಿದ್ದುವುದು. ಈ ನಾಲ್ಕೂ ನಮ್ಮ ಕಾನೂನಿನಲ್ಲಿ ಬೆರೆತಿವೆ. ಸೇಡು ಅಂದರೆ ಮುಖ ಸಿಂಡರಿಸಬೇಕಾಗಿಲ್ಲ. ಮಾಡಿದ ತಪ್ಪಿಗೆ ತಕ್ಕಷ್ಟು ಶಿಕ್ಷೆ, ಅದಕ್ಕಿಂತ ಜಾಸ್ತಿ ಇಲ್ಲ ಅನ್ನುವ ಮಿತಿ ಸಿಗುವುದೇ ಅಲ್ಲಿಂದ. ಹೆದರಿಕೆಯ ವಿಷಯದಲ್ಲಿ ಇಟಲಿಯ ಬೆಕಾರಿಯಾ 1764ರಲ್ಲೇ ಬರೆದ: ಶಿಕ್ಷೆ ಎಷ್ಟು ಕ್ರೂರ ಅನ್ನುವುದಕ್ಕಿಂತ ಶಿಕ್ಷೆ ಆಗಿಯೇ ಆಗುತ್ತದೆ ಅನ್ನುವುದು ಜನರನ್ನು ತಡೆಯುತ್ತದೆ. ನಮ್ಮಲ್ಲಿ ಕೇಸು ಮುಗಿಯುವ ಹೊತ್ತಿಗೆ ಸಾಕ್ಷಿಗಳೇ ತೀರಿಕೊಂಡಿರುತ್ತಾರೆ. ಹೆದರಿಕೆ ಹುಟ್ಟುವುದಾದರೂ ಹೇಗೆ?

ಇನ್ನು ಕೂಡಿಹಾಕುವುದು. ಒಳಗಿರುವ ತನಕ ಊರಿಗೆ ನೆಮ್ಮದಿ, ಸರಿ. ಆದರೆ ಒಳಗೆ ಹೋದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಒಂದು ದಿನ ಹೊರಗೆ ಬರುತ್ತಾರೆ. ನಮ್ಮ ಪಕ್ಕದ ಮನೆಗೇ ಬರುತ್ತಾರೆ. ಬರುವಾಗ ಒಂದು ಕಸುಬು ಕಲಿತು ಬರಬೇಕಾ, ಇನ್ನೂ ನಾಲ್ಕು ಕಳ್ಳರ ಫೋನ್ ನಂಬರ್ ಹಿಡಿದು ಬರಬೇಕಾ? ನನಗೆ ತಿದ್ದುವುದರ ಮೇಲೆ ನಂಬಿಕೆ ಬಂದದ್ದು ಕರುಣೆಯಿಂದಲ್ಲ, ಈ ಲೆಕ್ಕದಿಂದ.

ನೇರನುಡಿ:
ಮೇಷ್ಟ್ರೇ, ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅಂತ ಹಿರಿಯರು ಸುಮ್ನೆ ಹೇಳಿದರಾ?

ಹಳೇ ಮೇಷ್ಟ್ರು:
ಹುಟ್ಟುತ್ತಲೇ ಕೊಲೆಗಾರನಾಗಿ ಹುಟ್ಟಿದವನನ್ನು ನಾನಂತೂ ಕಾಣಲಿಲ್ಲ ನೇರನುಡಿ. ಕುಡಿತ, ಜಮೀನು, ಅನುಮಾನ, ಸಹವಾಸ. ನನ್ನ ಪಾಠಕ್ಕೆ ಕೂತವರದ್ದೆಲ್ಲ ಇದೇ ಕಥೆ.

ನಾರ್ವೆ ಕನ್ನಡತಿ:
ನಾನು ಓಸ್ಲೋದಲ್ಲಿದ್ದೇನೆ. ಇಲ್ಲಿನ ಜೈಲುಗಳ ಫೋಟೊ ವಾಟ್ಸ್ಯಾಪಿನಲ್ಲಿ ಓಡಾಡುತ್ತಿರುತ್ತವೆ, ಹೋಟೆಲ್ ಥರ ಇದೆ ಅಂತ. 2010ರಲ್ಲಿ ಶುರುವಾದ ಹಾಲ್ಡೆನ್ ಜೈಲಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೋಣೆ, ಅಡುಗೆಮನೆ, ಮರಗೆಲಸದ ಶೆಡ್ಡು ಎಲ್ಲ ಇರುವುದು ನಿಜ. ಯಾರೂ ಹೇಳದ ಮಾತು ಇನ್ನೊಂದಿದೆ. ಇಲ್ಲಿ ಜೈಲು ಸಿಬ್ಬಂದಿಯಾಗಬೇಕಾದರೆ 2 ವರ್ಷ ಓದಬೇಕು. ಅವರು ಕೈದಿಗಳ ಜೊತೆ ಕೂತು ಊಟ ಮಾಡುತ್ತಾರೆ, ಮಾತಾಡುತ್ತಾರೆ. ಹೊರಗೆ ಹೋದ ಮೇಲೆ ಮನೆ ಎಲ್ಲಿ, ಕೆಲಸ ಏನು ಅಂತ ಒಳಗಿರುವಾಗಲೇ ಏರ್ಪಾಡು ಶುರುವಾಗುತ್ತದೆ. ಸ್ವಾತಂತ್ರ್ಯ ಕಿತ್ತುಕೊಂಡಿದ್ದೇ ಶಿಕ್ಷೆ, ಅದರ ಮೇಲೆ ಇನ್ನಷ್ಟು ನರಳಿಸುವ ಅಗತ್ಯ ಇಲ್ಲ ಅನ್ನುವುದು ಇವರ ನಂಬಿಕೆ. ಬಿಡುಗಡೆಯಾಗಿ ಎರಡು ವರ್ಷದಲ್ಲಿ ಮತ್ತೆ ಶಿಕ್ಷೆಗೆ ಒಳಗಾಗುವವರು ನೂರಕ್ಕೆ ಸುಮಾರು 20. ಬೇರೆ ದೇಶಗಳು ಬೇರೆ ರೀತಿ ಎಣಿಸುತ್ತವೆ, ಹಾಗಾಗಿ ಸುಮ್ಮನೆ ಪಕ್ಕಪಕ್ಕ ಇಟ್ಟು ಹೋಲಿಸಬಾರದು. ಆದರೂ ಇದು ಕಡಿಮೆಯೇ.

ಸಾಧಾರಣ_ಪ್ರಜೆ:
55 ಲಕ್ಷ ಜನರ ದೇಶ, ಎಣ್ಣೆಯ ದುಡ್ಡು. ನಮಗೂ ಅವರಿಗೂ ಎಲ್ಲಿಯ ಹೋಲಿಕೆ ಮೇಡಂ. 77 ಜನರನ್ನು ಕೊಂದವನಿಗೆ 21 ವರ್ಷ ಕೊಟ್ಟ ದೇಶ ಅದು.

ನಾರ್ವೆ ಕನ್ನಡತಿ:
ಆ 21 ವರ್ಷದ ಪೂರ್ತಿ ವಿಷಯ ಹೇಳುತ್ತೇನೆ ಕೇಳಿ. ಬ್ರೇವಿಕ್‌ಗೆ ಕೊಟ್ಟಿದ್ದು ಮಾಮೂಲಿ ಸಜೆ ಅಲ್ಲ. ಅವನು ಇನ್ನೂ ಅಪಾಯ ಅನ್ನಿಸಿದರೆ ಕೋರ್ಟು ಐದೈದು ವರ್ಷದಂತೆ ಮುಂದುವರಿಸುತ್ತಾ ಹೋಗಬಹುದು, ಸಾಯುವ ತನಕ. 2022ರಲ್ಲಿ ಪೆರೋಲ್ ಕೇಳಿದ, ಕೊಡಲಿಲ್ಲ. ತಿದ್ದುವುದರಲ್ಲಿ ನಂಬಿಕೆ ಇಟ್ಟ ದೇಶವೂ ಬಾಗಿಲು ಹಾಕಬೇಕಾದ ಕಡೆ ಹಾಕುತ್ತದೆ. ಇನ್ನು ದುಡ್ಡಿನ ಮಾತು. ಕೈದಿಯ ಜೊತೆ ಮರ್ಯಾದೆಯಿಂದ ಮಾತಾಡುವುದಕ್ಕೆ ಎಣ್ಣೆ ಬಾವಿ ಬೇಕಾಗಿಲ್ಲ ಅಲ್ವಾ?

ಕಪ್ಪುಕೋಟು:
ದುಡ್ಡಿಲ್ಲದೆಯೂ ಆಗುತ್ತದೆ ಅನ್ನುವುದಕ್ಕೆ ನಮ್ಮಲ್ಲೇ ಸಾಕ್ಷಿ ಇದೆ. ರಾಜಸ್ಥಾನದ ಸಾಂಗಾನೇರ್‌ನಲ್ಲಿ 1963ರಿಂದ ಬಯಲು ಬಂದೀಖಾನೆ ನಡೆಯುತ್ತಿದೆ. ಕೊಲೆ ಕೇಸಿನವರೂ ಹೆಂಡತಿ ಮಕ್ಕಳ ಜೊತೆ ಅಲ್ಲಿರುತ್ತಾರೆ. ಬೆಳಿಗ್ಗೆ ಊರೊಳಗೆ ಕೆಲಸಕ್ಕೆ ಹೋಗಿ ಸಂಜೆ ಹಾಜರಿಗೆ ಬರುತ್ತಾರೆ. ದುಡಿದು ತಾವೇ ಊಟ ಮಾಡುತ್ತಾರೆ, ಹಾಗಾಗಿ ಸರ್ಕಾರಕ್ಕೆ ಖರ್ಚೂ ಕಡಿಮೆ. ನಮ್ಮಲ್ಲೂ ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದಲ್ಲಿ ಒಂದು ಬಯಲು ಬಂದೀಖಾನೆ ಇದೆ. ಇಷ್ಟು ದೊಡ್ಡ ರಾಜ್ಯಕ್ಕೆ ಅದು ಏನೇನೂ ಸಾಲದು.

ಬನಶಂಕರಿ2ನೇಹಂತ:
ಕೋರಮಂಗಲ ಬೆಂಗಳೂರಿನೊಳಗೇ ಇದೆಯಲ್ಲ?

ಕಪ್ಪುಕೋಟು:
ಅದು ಬೇರೆ, ಇದು ಬೇರೆ. ಇದು ದೇವನಹಳ್ಳಿ ಕಡೆಯ ಹಳ್ಳಿ.

ಗಿರಣಿಚಾಳ:
ಎಲ್ಲರೂ ತಿದ್ದುವುದು, ಸುಧಾರಿಸುವುದು ಅಂತ ಇಷ್ಟು ಹಗುರವಾಗಿ ಮಾತಾಡುತ್ತಿದ್ದೀರಿ. ನಾನು ಹುಬ್ಬಳ್ಳಿಯವಳು. ನಮ್ಮಲ್ಲಿ ಸೆಟ್ಲಮೆಂಟ್ ಅಂತ ಒಂದು ಭಾಗ ಇದೆ, ಇವತ್ತಿಗೂ ಅದೇ ಹೆಸರು. ಆ ಹೆಸರು ಎಲ್ಲಿಂದ ಬಂತು ಗೊತ್ತಾ? ಬ್ರಿಟಿಷರು 1871ರಲ್ಲಿ ಒಂದು ಕಾಯಿದೆ ತಂದು ಕೆಲವು ಜಾತಿಗಳಿಗೆ ಹುಟ್ಟಿನಿಂದಲೇ ಅಪರಾಧಿಗಳು ಅಂತ ಮುದ್ರೆ ಒತ್ತಿದರು. ಆಮೇಲೆ ಹುಬ್ಬಳ್ಳಿ, ಗದಗ, ವಿಜಯಪುರದ ಕಡೆ ತಂತಿಬೇಲಿ ಹಾಕಿ ಸಂಸಾರ ಸಮೇತ ಕೂಡಿಟ್ಟರು. ದಿನಾ ಹಾಜರಿ. ಹೊರಗೆ ಹೋಗಲು ಪಾಸು. ಇಷ್ಟೆಲ್ಲ ಮಾಡಿದ್ದು ಯಾವ ಹೆಸರಿನಲ್ಲಿ? ಸುಧಾರಣೆ ಹೆಸರಿನಲ್ಲಿ! ಕೆಲಸ ಕಲಿಸುತ್ತೇವೆ, ಒಳ್ಳೆಯ ನಡತೆ ಕಲಿಸುತ್ತೇವೆ ಅಂತ.

ಕಾಯಿದೆ ರದ್ದಾಗಿದ್ದು 1952ರಲ್ಲಿ. ಅದರ ಬೆನ್ನಿಗೇ ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯಿದೆ ತಂದವು. ನಮ್ಮ ರಾಜ್ಯದ್ದು 1961ರದ್ದು. ಊರಲ್ಲಿ ಕಳ್ಳತನ ಆದರೆ ಪೊಲೀಸರು ಮೊದಲು ಬರುವುದು ನಮ್ಮ ಓಣಿಗೇ ಅಂತ ನಮ್ಮಜ್ಜಿ ಹೇಳುತ್ತಿದ್ದಳು. ಜೈಲಿನೊಳಗೂ ಜಾತಿ ನೋಡಿ ಕಸ ಗುಡಿಸುವ ಕೆಲಸ ಹಂಚುವುದನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿ ಅಂದಿದ್ದು 2024ರ ಅಕ್ಟೋಬರ್‌ನಲ್ಲಿ, ಮೊನ್ನೆ ಮೊನ್ನೆ. ಹಾಗಾಗಿ ಸುಧಾರಣೆ ಅಂದ ಕೂಡಲೇ ನಾನು ಕೇಳುವುದು ಒಂದೇ: ತಿದ್ದುವವರ ಮೇಲೆ ಕಣ್ಣಿಡುವವರು ಯಾರು?

ಹಳೇ ಮೇಷ್ಟ್ರು:
ತಂಗೀ, ಈ ಮಾತು ಇಲ್ಲಿ ಬರಲೇಬೇಕಿತ್ತು. ಅವಧಿ ತಪ್ಪಿಗೆ ತಕ್ಕ ಹಾಗೇ ಇರಬೇಕು, ಕೋರ್ಟೇ ಬರೆಯಬೇಕು. ಇವನು ಇನ್ನೂ ಸುಧಾರಿಸಿಲ್ಲ ಅಂತ ಯಾರೋ ಅಧಿಕಾರಿ ಹೇಳಿದ ಮಾತ್ರಕ್ಕೆ ಒಬ್ಬರನ್ನು ಜಾಸ್ತಿ ದಿನ ಇಡಬಾರದು. ಆ ಅವಧಿಯೊಳಗೆ ಓದು, ಕಸುಬು, ಮನೆಯವರ ಭೇಟಿ. ನಾನು ಕೇಳುವ ಸುಧಾರಣೆ ಅಷ್ಟೇ.

ಗಿರಣಿಚಾಳ:
ಹಾಗಾದರೆ ಮೇಡಂ ಹೇಳಿದ ಐದೈದು ವರ್ಷದ ವಿಸ್ತರಣೆ? ಅದೂ ಅಧಿಕಾರಿಯ ವರದಿ ನೋಡಿಯೇ ಅಲ್ವಾ? ಇಲ್ಲಿ ಅಂಥ ಕಾನೂನು ಬಂದರೆ ಮೊದಲು ಯಾರ ಮೇಲೆ ಬೀಳುತ್ತದೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ನಾರ್ವೆ ಕನ್ನಡತಿ:
ಇಲ್ಲಿ ಅದು ಪ್ರತಿ ಸಲ ಕೋರ್ಟಿನ ಮುಂದೆ ಬರಬೇಕು, ಅವನ ಪರ ವಕೀಲರಿರುತ್ತಾರೆ. ಆದರೂ ನಿಮ್ಮ ಅಳುಕು ಅರ್ಥವಾಗುತ್ತದೆ ಅಕ್ಕ. ಇಲ್ಲೂ ಅದರ ಬಗ್ಗೆ ತಕರಾರು ಇದ್ದೇ ಇದೆ.

ಒಂಟಿಹಲಸು:
ನಾನು ಇನ್ನೊಂದು ಕಡೆಯವಳು. ನನ್ನ ಅಣ್ಣನನ್ನು ಕೊಂದರು. ಕೇಸು ನಡೆದಷ್ಟು ವರ್ಷವೂ ನಮ್ಮನ್ನು ಸಾಕ್ಷಿ ಅಂತ ಮಾತ್ರ ಕರೆದರು. ಕೋರ್ಟಿನ ಜಗಲಿಯಲ್ಲಿ ಬೆಳಗಿನಿಂದ ಕೂತು, ಸಂಜೆ "ಮುಂದಿನ ತಾರೀಕು" ಅಂತ ಕೇಳಿಸಿಕೊಂಡು ಬಸ್ಸು ಹತ್ತುವುದು. ಅಮ್ಮ ಅಣ್ಣನ ಫೋಟೊ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತರುತ್ತಿದ್ದಳು, ಜಡ್ಜು ಕೇಳಿದರೆ ತೋರಿಸೋಣ ಅಂತ. ಯಾರೂ ಕೇಳಲಿಲ್ಲ. ಅವನ ಬಿಡುಗಡೆಯ ಸುದ್ದಿ ನಮಗೆ ಗೊತ್ತಾಗಿದ್ದು ಪೇಪರಿನಿಂದ.

ನನಗೆ ಅವನನ್ನು ಗಲ್ಲಿಗೆ ಹಾಕಬೇಕು ಅಂತ ಇರಲಿಲ್ಲ, ಈಗಲೂ ಇಲ್ಲ. ಅವನಿಗೂ ಮಕ್ಕಳಿದ್ದಾರೆ. ಆದರೆ ಅವನನ್ನು ತಿದ್ದಲು ಸರ್ಕಾರ, ಸಂಘ, ಸಂಸ್ಥೆ ಎಲ್ಲ ಇದೆ. ಅಮ್ಮನ ನಿದ್ದೆ ಸರಿಮಾಡಲು ಯಾರಿದ್ದರು? ತುಂಗಾತೀರ ಅವರೇ, ನಿಮ್ಮ ಕಮಿಟಿ ಕೈ ಎತ್ತುವ ಮುಂಚೆ ಒಂದು ಸಲ ಆ ಮನೆಗೆ ಹೋಗಿ ಕೂತು ಮಾತಾಡಿಸಿ. ಅವರ ಒಪ್ಪಿಗೆ ಇಲ್ಲದೆ ಏನೂ ಆಗಬಾರದು ಅಂತ ನಾನು ಹೇಳುತ್ತಿಲ್ಲ. ಕೇಳದೆ ಆಗಬಾರದು.

ತುಂಗಾತೀರ:
ಅಕ್ಕ, ಖಂಡಿತ ಹೋಗುತ್ತೇನೆ. ಕಮಿಟಿಯಲ್ಲಿ ಇಲ್ಲಿಯ ತನಕ ಈ ಮಾತು ಯಾರ ಬಾಯಿಂದಲೂ ಬಂದಿರಲಿಲ್ಲ.

ನೇರನುಡಿ:
ನಾನು ಹೇಳುತ್ತಿದ್ದದ್ದೂ ಇದೇ. ಮಾನವ ಹಕ್ಕು ಅಂದರೆ ಬರೀ ಕೈದಿಗಾ?

ಒಂಟಿಹಲಸು:
ನೇರನುಡಿ ಅವರೇ, ನೀವು ಹೇಳಿದ್ದು ಇದಲ್ಲ. ನೀವು ಅವನನ್ನು ಬಿಡಬೇಡಿ ಅಂದಿರಿ. ನಾನು ನಮ್ಮನ್ನೂ ನೋಡಿ ಅಂದೆ. ನಮ್ಮ ನೋವನ್ನು ದಯವಿಟ್ಟು ನಿಮ್ಮ ವಾದಕ್ಕೆ ಸೇರಿಸಿಕೊಳ್ಳಬೇಡಿ.

ಕಪ್ಪುಕೋಟು:
ಒಂಟಿಹಲಸು ಅವರು ಹೇಳಿದ ಕೊರತೆ ನಿಜ. ಕಾನೂನಿನಲ್ಲಿ ಸ್ವಲ್ಪ ದಾರಿ ಇದೆ, ಬಳಸುವವರು ಕಡಿಮೆ. ಸಂತ್ರಸ್ತರ ಪರಿಹಾರಕ್ಕೆ ರಾಜ್ಯ ನಿಧಿ ಇಡಬೇಕು ಅಂತ 2008ರ ತಿದ್ದುಪಡಿಯಲ್ಲಿ ಬಂತು. ಅರ್ಜಿ ಕೊಡಬೇಕಾದದ್ದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ. ಆರೋಪಿ ಸಿಗದಿದ್ದರೂ, ಕೇಸು ಬಿದ್ದುಹೋದರೂ ಕೇಳಬಹುದು. ಇನ್ನೊಂದು, 1998ರಲ್ಲಿ ಗುಜರಾತಿನ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಎರಡು ಮಾತು ಒಟ್ಟಿಗೆ ಹೇಳಿತು: ಕೈದಿಗಳ ದುಡಿಮೆಗೆ ನ್ಯಾಯವಾದ ಕೂಲಿ ಕೊಡಿ, ಅದರಲ್ಲಿ ಒಂದು ಪಾಲು ಸಂತ್ರಸ್ತರಿಗೆ ಹೋಗುವಂತೆ ಕಾನೂನು ಮಾಡಿ. ಕರ್ನಾಟಕದಲ್ಲಿ ಈಗ ಕೈದಿಗಳ ದಿನಗೂಲಿ 500 ರೂಪಾಯಿ ದಾಟಿದೆ. ಕೂಲಿ ಚೆನ್ನಾಗಿದ್ದರೆ ತಾನೇ ಪಾಲು ಕೊಡಲು ಬರುವುದು? ಜೈಲಿನ ದುಡಿಮೆಗೆ ಬೆಲೆ ಬಂದರೆ ಎರಡೂ ಮನೆಗೆ ಅನುಕೂಲ.

ಮೈಸೂರು ಪಾಕ:
ವಿಷಯ ಸ್ವಲ್ಪ ಆಚೆ ಹೋಗುತ್ತದೆ, ಆದರೂ ಹೇಳುತ್ತೇನೆ. ರಂಗಾಯಣದ ಹುಲುಗಪ್ಪ ಕಟ್ಟೀಮನಿ ಅವರು ಕೈದಿಗಳಿಂದ ನಾಟಕ ಮಾಡಿಸುವುದನ್ನು ಯಾರಾದರೂ ನೋಡಿದ್ದೀರಾ? ನಾನು ಮೈಸೂರಿನಲ್ಲಿ ಒಂದು ಪ್ರದರ್ಶನ ನೋಡಿದೆ. ಒಬ್ಬ ದಪ್ಪ ಮೀಸೆಯವರು ಅಳುವ ದೃಶ್ಯದಲ್ಲಿ ನಿಜವಾಗಿ ಅತ್ತುಬಿಟ್ಟರು, ಮಾತು ನಿಂತುಹೋಯಿತು. ಪಕ್ಕದಲ್ಲಿದ್ದವರು ಅವರ ಮಾತನ್ನೂ ತಾವೇ ಹೇಳಿ ದೃಶ್ಯ ದಾಟಿಸಿದರು. ನಾಟಕ ಮುಗಿದ ಕೂಡಲೇ ಪೊಲೀಸ್ ವ್ಯಾನು.

ಸಾಧಾರಣ_ಪ್ರಜೆ:
ಬೆಂಗಳೂರಿನ ಹಳೇ ಸೆಂಟ್ರಲ್ ಜೈಲು ಈಗ ಫ್ರೀಡಂ ಪಾರ್ಕ್. ಕಾವಲು ಗೋಪುರ ಇನ್ನೂ ಇದೆ. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅಲ್ಲೇ ಇದ್ದರು. ಒಳಗಿದ್ದವರೆಲ್ಲ ಅಪರಾಧಿಗಳಲ್ಲ ಅನ್ನುವುದಕ್ಕೆ ಹೇಳಿದೆ.

ಗಿರಣಿಚಾಳ:
ಅಷ್ಟು ಹಿಂದೆ ಹೋಗುವುದೇ ಬೇಡ. 2022ರ ಲೆಕ್ಕದಂತೆ ದೇಶದ ಜೈಲುಗಳಲ್ಲಿದ್ದ ನಾಲ್ವರಲ್ಲಿ ಮೂವರು ವಿಚಾರಣಾಧೀನರು, ತಪ್ಪು ಮಾಡಿದ್ದಾರೆ ಅಂತ ಇನ್ನೂ ಯಾರೂ ತೀರ್ಪು ಕೊಟ್ಟಿಲ್ಲ. ಜಾಮೀನು ಸಿಕ್ಕಿದರೂ ಶ್ಯೂರಿಟಿ ಕೊಡುವವರಿಲ್ಲದೆ ಒಳಗೇ ಉಳಿಯುತ್ತಾರೆ. ತೀರ್ಪೇ ಇಲ್ಲದ ಮೇಲೆ ಅದು ಯಾವ ಉದ್ದೇಶದ ಶಿಕ್ಷೆ?

ಕಪ್ಪುಕೋಟು:
2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲಿ, ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆ ಆಗದವರು ಆ ಅಪರಾಧದ ಗರಿಷ್ಠ ಸಜೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಮುಚ್ಚಳಿಕೆ ಮೇಲೆ ಬಿಡಬೇಕು ಅಂತ ಇದೆ. ಗಲ್ಲು, ಜೀವಾವಧಿ ಇರುವ ಕೇಸುಗಳಿಗೆ ಇದು ಅನ್ವಯಿಸುವುದಿಲ್ಲ. ನಿಮ್ಮ ಕಡೆಯವರು ಯಾರಾದರೂ ಇದ್ದರೆ ಜೈಲು ಸೂಪರಿಂಟೆಂಡೆಂಟ್‌ಗೆ ನೆನಪಿಸಿ. ಕೋರ್ಟಿಗೆ ಬರೆಯುವುದು ಅವರ ಕರ್ತವ್ಯ.

ನೇರನುಡಿ:
ಸರಿ, ಬದುವಿನ ಜಗಳ, ಸಣ್ಣ ಕಳ್ಳತನ ಬಿಡಿ. ಮಕ್ಕಳ ಮೇಲೆ ಅತ್ಯಾಚಾರ ಮಾಡಿ ಕೊಂದವನನ್ನೂ ತಿದ್ದುತ್ತೀರಾ? ನನಗೆ ಎರಡು ಹೆಣ್ಣುಮಕ್ಕಳಿದ್ದಾರೆ. ನನ್ನ ಸಿಟ್ಟು ಸುಮ್ಮನೆ ಬಂದದ್ದಲ್ಲ.

ಹಳೇ ಮೇಷ್ಟ್ರು:
ನಿಮ್ಮ ಸಿಟ್ಟು ನ್ಯಾಯವಾದದ್ದೇ. ಅಂಥವರಿಗೆ ದೀರ್ಘ ಶಿಕ್ಷೆ ಬೇಡ ಅಂತ ನಾನು ಎಲ್ಲೂ ಹೇಳಿಲ್ಲ. ಆದರೆ ದೆಹಲಿಯ 2012ರ ಘಟನೆಯ ನಂತರ ಬಂದ ವರ್ಮಾ ಸಮಿತಿ, ಅಷ್ಟು ಸಿಟ್ಟಿನ ನಡುವೆಯೂ ಅತ್ಯಾಚಾರಕ್ಕೆ ಗಲ್ಲು ಬೇಡ ಅಂತಲೇ ಶಿಫಾರಸು ಮಾಡಿತು. ಮಕ್ಕಳ ಮೇಲೆ ಕೈ ಮಾಡುವವರು ಬಹಳ ಸಲ ಗೊತ್ತಿರುವವರು, ಸಂಬಂಧಿಕರು. ಗಲ್ಲಾಗುತ್ತದೆ ಅಂದರೆ ಮನೆಯವರೇ ದೂರು ಮುಚ್ಚಿಹಾಕುತ್ತಾರೆ, ಮಗು ಒಂಟಿಯಾಗುತ್ತದೆ.

ಕಪ್ಪುಕೋಟು:
ಸೇರಿಸುತ್ತೇನೆ. 1980ರ ಬಚ್ಚನ್ ಸಿಂಗ್ ತೀರ್ಪಿನಂತೆ ಗಲ್ಲು ಕೇಳುವ ಸರ್ಕಾರವೇ ಇವನು ಸುಧಾರಿಸುವ ಸಾಧ್ಯತೆ ಇಲ್ಲ ಅಂತ ಸಾಕ್ಷಿ ಸಮೇತ ತೋರಿಸಬೇಕು. ಸುಮಾರು ಕೇಸುಗಳಲ್ಲಿ ಅದನ್ನು ಯಾರೂ ತೋರಿಸುತ್ತಲೇ ಇರಲಿಲ್ಲ. ಅದಕ್ಕೇ 2022ರಲ್ಲಿ ಮನೋಜ್ ಕೇಸಿನಲ್ಲಿ ಕೋರ್ಟು ಗಟ್ಟಿಯಾಗಿ ಹೇಳಿತು: ಜೈಲಿನ ನಡತೆ, ಮಾನಸಿಕ ಸ್ಥಿತಿಯ ವರದಿ ತರಿಸಿ, ಆಮೇಲೆ ಮಾತಾಡಿ ಅಂತ.

ನೇರನುಡಿ:
ಇದರಲ್ಲಿ ನಾನು ಒಪ್ಪುವುದಿಲ್ಲ. ಬೇರೆಯದಕ್ಕೆ ಯೋಚಿಸಬಹುದು, ಇದಕ್ಕಿಲ್ಲ.

ಉಳಿ_ಸುತ್ತಿಗೆ:
ನನ್ನದು ಮರಗೆಲಸದ ಅಂಗಡಿ. ಬಿಡುಗಡೆಯಾದ ಒಬ್ಬರನ್ನು ಇಟ್ಟುಕೊಂಡೆ. ತುಂಗಾತೀರ ಅವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ. ಕೆಲಸದಲ್ಲಿ ಎತ್ತಿದ ಕೈ, ಪಟ್ಟಿ ಕೂಡಿಸಿದರೆ ಕೂದಲೆಳೆ ಸಂದಿಲ್ಲ. ಆದರೆ ಮೊದಮೊದಲು ಮೂತ್ರಕ್ಕೆ ಹೋಗಬೇಕಾದರೂ ಬಾಗಿಲ ಹತ್ತಿರ ನಿಂತು "ಹೋಗಲಾ ಸರ್" ಅಂತ ಕೇಳುತ್ತಿದ್ದರು. ಬಾಗಿಲು ತಾನೇ ತೆಗೆಯುತ್ತಿರಲಿಲ್ಲ, ಯಾರಾದರೂ ತೆಗೆಯಲಿ ಅಂತ ಕಾಯುತ್ತಿದ್ದರು. ಊಟಕ್ಕೆ ಕೂತರೆ ಮೂರು ನಿಮಿಷದಲ್ಲಿ ತಟ್ಟೆ ಖಾಲಿ. ಬಾಡಿಗೆ ಮನೆ ಸಿಗಲಿಲ್ಲ, ಕೊನೆಗೆ ಅಂಗಡಿ ಹಿಂದಿನ ಕೋಣೆ ಕೊಟ್ಟೆ. ಬ್ಯಾಂಕಿನಲ್ಲಿ ಖಾತೆ ತೆರೆಯಲು ವಿಳಾಸದ ದಾಖಲೆ ಇಲ್ಲ. ಇಬ್ಬರು ಗಿರಾಕಿಗಳು ವಿಷಯ ತಿಳಿದು ಆರ್ಡರ್ ವಾಪಸ್ ತಗೊಂಡರು. ಅವರು ಸ್ವತಃ "ನನ್ನಿಂದ ನಿಮಗೆ ನಷ್ಟ ಬೇಡ, ಹೋಗುತ್ತೇನೆ" ಅಂದರು. ಕಳುಹಿಸಲಿಲ್ಲ.

ಕೆಲಸ ಕೊಟ್ಟರೆ ಮುಗಿಯಲಿಲ್ಲ, ಅದು ಮೊದಲು ತಿಳಿದಿರಲಿ. ಕುಡಿತ ಇತ್ತಾ, ಈಗ ಹೇಗೆ, ಬಿಡುಗಡೆಯ ಷರತ್ತು ಏನು, ಠಾಣೆಗೆ ಯಾವಾಗ ಹಾಜರಿ ಕೊಡಬೇಕು, ಎಲ್ಲ ಎದುರಿಗೇ ಕೂರಿಸಿ ಕೇಳಿ. ಮುಚ್ಚುಮರೆ ಇದ್ದರೆ ಇಬ್ಬರಿಗೂ ಕಷ್ಟ.

ತುಂಗಾತೀರ:
ಅಣ್ಣ, ತುಂಬ ಉಪಕಾರವಾಯಿತು. ಆ ಕುಟುಂಬದ ಕಣ್ಣೆದುರು ಬೀಳದ ಹಾಗೆ ಪಕ್ಕದ ಊರಿನ ಶಾಖೆಯಲ್ಲಿ ಕೆಲಸ ಕೊಡಬಹುದಾ ಅಂತಲೂ ಯೋಚಿಸುತ್ತಿದ್ದೇನೆ.

ಉಳಿ_ಸುತ್ತಿಗೆ:
ಒಳ್ಳೆಯದು. ಆದರೆ ಅದನ್ನೂ ಆ ಮನೆಯವರನ್ನೇ ಕೇಳಿ.

ದಾರಿಹೋಕಳು:
ಕಪ್ಪುಕೋಟು ಸರ್, ನನ್ನ ಅಕ್ಕನ ಮಗನಿಗೆ 19. ಗೆಳೆಯರ ಜೊತೆ ಸೇರಿ ಒಂದು ಹಳೇ ಮೊಬೈಲ್ ಕದ್ದ ಕೇಸು. ತಪ್ಪು ಒಪ್ಪಿಕೊಂಡಿದ್ದಾನೆ, ಫೋನು ವಾಪಸ್ ಕೊಟ್ಟಾಗಿದೆ. ಡಿಪ್ಲೊಮಾ ಓದುತ್ತಿದ್ದಾನೆ. ಜೈಲಾದರೆ ಮುಂದೆ ಕೆಲಸವೇ ಸಿಗುವುದಿಲ್ಲ ಅಂತ ಅಕ್ಕ ಅನ್ನ ಬಿಟ್ಟಿದ್ದಾಳೆ.

ಕಪ್ಪುಕೋಟು:
ಅಕ್ಕನಿಗೆ ಧೈರ್ಯ ಹೇಳಿ. ಎರಡು ದಾರಿ ಇದೆ. ಕದ್ದ ವಸ್ತುವಿನ ಬೆಲೆ 5000 ರೂಪಾಯಿಗಿಂತ ಕಡಿಮೆ ಇದ್ದು, ಇದೇ ಮೊದಲ ಶಿಕ್ಷೆಯಾಗಿದ್ದು, ವಸ್ತು ವಾಪಸ್ ಆಗಿದ್ದರೆ ಹೊಸ ನ್ಯಾಯ ಸಂಹಿತೆಯಲ್ಲಿ ಶಿಕ್ಷೆ ಸಮುದಾಯ ಸೇವೆ, ಜೈಲಲ್ಲ. ಬೆಲೆ ಜಾಸ್ತಿ ಆಗಿದ್ದರೆ 1958ರ ಪ್ರೊಬೇಷನ್ ಕಾಯಿದೆ ಇದೆ. 21 ತುಂಬದವರನ್ನು ಇಂಥ ಕೇಸಿನಲ್ಲಿ ಜೈಲಿಗೆ ಕಳುಹಿಸಬೇಕಾದರೆ ಜಡ್ಜು ಕಾರಣ ಬರೆಯಲೇಬೇಕು. ಒಳ್ಳೆಯ ನಡತೆಯ ಮುಚ್ಚಳಿಕೆ ಮೇಲೆ ಬಿಟ್ಟರೆ, ಆ ಶಿಕ್ಷೆಯಿಂದಾಗಿ ಅನರ್ಹತೆ ಅಂಟಿಕೊಳ್ಳುವುದಿಲ್ಲ ಅಂತ ಅದೇ ಕಾಯಿದೆಯ 12ನೇ ಸೆಕ್ಷನ್ ಹೇಳುತ್ತದೆ. ಆದರೆ ಕೋರ್ಟಿನಲ್ಲಿ ನಿಮ್ಮ ವಕೀಲರೇ ಬಾಯಿಬಿಟ್ಟು ಕೇಳಬೇಕು. ಎಷ್ಟೋ ಸಲ ಯಾರೂ ಕೇಳುವುದಿಲ್ಲ, ಹುಡುಗ ಒಳಗೆ ಹೋಗುತ್ತಾನೆ. ಕಾಲೇಜಿನ ಹಾಜರಾತಿ, ಅಂಕಪಟ್ಟಿ, ಪ್ರಾಂಶುಪಾಲರ ಪತ್ರ ತಯಾರಿಟ್ಟುಕೊಳ್ಳಿ. ಈಗ ಅವನು ಎಲ್ಲಿದ್ದಾನೆ, ಜಾಮೀನು ಆಗಿದೆಯಾ?

ದಾರಿಹೋಕಳು:
ಇನ್ನೂ ಇಲ್ಲ ಸರ್. ಒಳಗೇ ಇದ್ದಾನೆ. ವಕೀಲರನ್ನು ಇಡಲು ದುಡ್ಡು ಹೊಂದಿಸುತ್ತಿದ್ದೇವೆ.

ಕಪ್ಪುಕೋಟು:
ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ನಾಳೆ ಬೆಳಿಗ್ಗೆಯೇ ಕೋರ್ಟಿನ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಎಫ್‌ಐಆರ್ ಪ್ರತಿ, ಅವನ ಆಧಾರ್, ವಯಸ್ಸಿನ ದಾಖಲೆಗೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಹಿಡಿದುಕೊಳ್ಳಿ. ಶ್ಯೂರಿಟಿಗೆ ಯಾರಾದರೂ ಪಹಣಿ ಇರುವವರನ್ನು ಇವತ್ತೇ ಕೇಳಿಡಿ.